ಬೀಗರು ಕೊಟ್ಟ ಗಾಡಿ

ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎಂದು ನಮ್ಮ ಶಾಲೆಯ ಶಿಕ್ಷಕಿಯರು ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಹೇಳುತ್ತಿರುತ್ತಾರೆ. ಅವರದು ಇಳಿದಿರಬಹುದು. ನಿವೃತ್ತಿ ಹತ್ತಿರ ಬಂದರೂ ನನ್ನದು ಹಾಗೇ ಇದೆ, ಇಳಿಯಲು ನಾನು ಬಿಟ್ಟೂ ಇಲ್ಲ. ಗಂಗಾವತಿಯ ನಮ್ಮ ಬೀಗರ ಸುದ್ದಿ ಯಾರಾದರೂ ತೆಗೆದರೆ ನನ್ನ ರೊಟ್ಟಿ ಅರ್ಧಕ್ಕೇ ನಿಲ್ಲುತ್ತದೆ. ಬೀಗರೆಂದರೆ ನನ್ನ ಒಬ್ಬಳೇ ಮಗಳ ಮಾವ. ಅವರು ನಮಗೊಂದು ಕಾರು ಕೊಟ್ಟರು. ಅದನ್ನು ನಾನು ಅವರಿಗೆ ಹೇಗೆ ತಿರುಗಿಸಿ ಕೊಟ್ಟೆ ಎಂಬುದನ್ನು ಹೇಳುತ್ತೇನೆ.

ಬೀಗರದು ಹಳೆ ಕಾರುಗಳ ವ್ಯಾಪಾರ. ಮನೆ ಊರೊಳಗೆ, ಗಾಡಿ ನಿಲ್ಲಿಸುವ ಅಂಗಳ ಊರ ಹೊರಗೆ. ಆ ಅಂಗಳಕ್ಕೆ ಎಂಥ ಮುರುಕು ಗಾಡಿ ಬಂದರೂ ಹೊರಗೆ ಬರುವಾಗ ಸಿಂಗಾರ ಮಾಡಿಕೊಂಡೇ ಬರುತ್ತದೆ. ಅವರ ಮಾತಿಗೂ ಅದೇ ಪಾಲಿಶ್. ಮದುವೆಯ ಮಾತುಕತೆಯಲ್ಲಿ ಅವರು ಕೈ ಮುಗಿದು ನಕ್ಕಾಗಲೆಲ್ಲ ನನಗೆ ಏನೋ ಇರುಸುಮುರುಸು. ಆದರೆ ಹುಡುಗ ಹಿಡಿಸಿದ್ದ. ಅಕ್ಕಿ ಗಿರಣಿಯಲ್ಲಿ ಕೆಲಸ, ಮೃದು ಸ್ವಭಾವ, ಅಪ್ಪನ ಎದುರು ದನಿ ಎತ್ತದವನು. ದನಿ ಎತ್ತದಿರುವುದನ್ನು ನಾವು ಒಳ್ಳೆಯ ಗುಣ ಎಂದೇ ಎಣಿಸಿದೆವು.

ನಾವಿರುವುದು ಕುಷ್ಟಗಿಯಲ್ಲಿ. ನಮ್ಮ ಮನೆಯವರದು ಬೀಜ-ಗೊಬ್ಬರದ ಅಂಗಡಿ. ಅವರಿಗೆ ಕಣ್ಣಿನ ತೊಂದರೆ, ಹಾಗಾಗಿ ಮನೆಯಲ್ಲಿ ಸ್ಟೀರಿಂಗ್ ಹಿಡಿಯುವವಳು ನಾನೇ. ಹನುಮಸಾಗರದ ಕಡೆಯ ಶಾಲೆಗೆ ದಿನಾ ನನ್ನ ಸಣ್ಣ ಬಿಳಿ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ಎಣ್ಣೆ ಬದಲಿಸುವುದು, ಟೈರಿಗೆ ಗಾಳಿ ನೋಡುವುದು, ಎಲ್ಲವೂ ಹೊತ್ತಿಗೆ ಸರಿಯಾಗಿ. ಮಗಳಿಗೂ ಅದೇ ಕಾರಿನಲ್ಲಿ, ಶಾಲೆಯ ಮೈದಾನದಲ್ಲಿ ಸುತ್ತು ಹಾಕಿಸಿ ನಾನೇ ಕಲಿಸಿದ್ದೆ. ಆ ಕಾರು ಒಂದು ದಿನವೂ ನನ್ನನ್ನು ದಾರಿಯಲ್ಲಿ ನಿಲ್ಲಿಸಿರಲಿಲ್ಲ.

ಬಸುರಿ ಮಗಳಿಗೆ ಏಳು ತಿಂಗಳು ತುಂಬಿದಾಗ ಗಂಗಾವತಿಯಲ್ಲಿ ಸೀಮಂತದ ಕುಬಸ ಮಾಡಿದರು. ಹಸಿರು ಬಳೆ, ಹಸಿರು ಸೀರೆ, ಹೋಳಿಗೆ ಊಟ. ಚೊಚ್ಚಲ ಬಾಣಂತನ ತವರಿನದು, ಹಾಗಾಗಿ ಊಟವಾದ ಮೇಲೆ ಅವಳನ್ನು ಕುಷ್ಟಗಿಗೆ ಕರೆದುಕೊಂಡು ಬರಬೇಕಿತ್ತು. ನಾನು ನಮ್ಮ ಕಾರಿನ ಬಾಗಿಲು ತೆರೆಯುತ್ತಿದ್ದಂತೆ ಬೀಗರು ಎಲೆ ಅಡಿಕೆ ಮೆಲ್ಲುತ್ತ ಬಂದರು.

"ಅಕ್ಕೋರ, ಈ ಡಬ್ಬಿಯೊಳಗ ನಮ್ಮ ಸೊಸಿನ್ನ ಕೂಡ್ರಿಸ್ಕೊಂಡು ಹೋಗ್ತೀರೇನ್ರಿ? ತಗ್ಗು ದಿನ್ನಿ ದಾರಿ, ಹೊಟ್ಟ್ಯಾಗಿನ ಕೂಸು ತಡಿಯೂದಿಲ್ಲ. ಅಲ್ಲಿ ನಿಂತೈತಿ ನೋಡ್ರಿ ದೊಡ್ಡ ಗಾಡಿ, ನಿಮ್ಮ ಸಲುವಾಗೇ ತರಿಸೇನಿ. ಗಾಡಿಗೆ ಗಾಡಿ. ಇದನ್ನ ಇಲ್ಲಿ ಬಿಡ್ರಿ, ಅದನ್ನ ಒಯ್ರಿ. ಕಾಗದ ಪತ್ರ ಸಾವಕಾಶ ಮಾಡಿಸೂಣು."

ಮನೆ ಮುಂದೆ ಬೂದು ಬಣ್ಣದ ದೊಡ್ಡ ಗಾಡಿ ಹೊಳೆಯುತ್ತಿತ್ತು. ಸೀಟುಗಳಿಗೆ ಹೊಸ ಕವರು, ಕನ್ನಡಿಗೆ ಹೂಮಾಲೆ. ಒಳಗೆ ತಲೆ ಹಾಕಿದರೆ ಅತ್ತರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಬಂದ ಹೆಂಗಸರೆಲ್ಲ ಅದನ್ನು ಮುಟ್ಟಿ ನೋಡಿದರು, ನಮ್ಮ ಮನೆಯವರ ಮುಖ ಅರಳಿತು.

ಬೇರೆ ಯಾರ ಹತ್ತಿರ ತೆಗೆದುಕೊಂಡಿದ್ದರೂ ನಮ್ಮ ಊರಿನ ಮಿಸ್ತ್ರಿಯನ್ನು ಜೊತೆಗೆ ಕರೆದೊಯ್ದು, ಬಾನೆಟ್ ಎತ್ತಿಸಿ, ಎಂಜಿನ್ನಿಗೆ ಕಿವಿಗೊಟ್ಟು ಕೇಳಿಸುತ್ತಿದ್ದೆ. ಇವರು ಬೀಗರು. ನಮ್ಮ ಕಡೆ ಬೀಗರು ಆಯೇರಿ ಎಂದು ಉಡುಗೊರೆ ಕೊಟ್ಟ ಸೀರೆಯನ್ನು ಅವರ ಎದುರು ಬಿಚ್ಚಿ ನೋಡುವುದಿಲ್ಲ. ಮಡಿಕೆಯ ಒಳಗೆ ಹರಿದಿದ್ದರೂ ಕಣ್ಣಿಗೆ ಒತ್ತಿಕೊಂಡು ಚೀಲಕ್ಕೆ ಹಾಕಿಕೊಳ್ಳಬೇಕು. ಅವರ ಮನೆಯ ಸಾರಿಗೆ ಉಪ್ಪು ಕಮ್ಮಿಯಿದ್ದರೂ ಉಪ್ಪು ಕೇಳಬಾರದು. ಅಂಥದ್ದರಲ್ಲಿ ಬೀಗರ ಗಾಡಿಯ ಬಾನೆಟ್ ಎತ್ತುವುದೆಂದರೆ, ನೀನು ಕಳ್ಳ ಎಂದು ಹತ್ತು ಮಂದಿಯ ನಡುವೆ ಹೇಳಿದ ಹಾಗೆ. ಬೀಗರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕುಬಸದ ದಿನವನ್ನೇ ಆರಿಸಿದ್ದರು. ನಾನು ನನ್ನ ಕಾರಿನ ಕೀಲಿ ಅವರ ಕೈಗೆ ಕೊಟ್ಟು, ಅವರ ಕೀಲಿ ತೆಗೆದುಕೊಂಡೆ.

ಬೇಸಿಗೆ ಮುಗಿಯುವ ತನಕ ಗಾಡಿ ಚೆನ್ನಾಗಿಯೇ ಓಡಿತು. ಮೊದಲ ಮಳೆ ಬಿದ್ದ ಮೇಲೆ ಅದರ ನಿಜವಾದ ಗುಣ ಹೊರಗೆ ಬಂತು. ಅತ್ತರು ಅಡಗಿ, ನೀರಿನಲ್ಲಿ ಕೊಳೆತ ಗೋಣಿಚೀಲದ ವಾಸನೆ ಎದ್ದಿತು. ಕುಷ್ಟಗಿ ಬಸ್ ಸ್ಟ್ಯಾಂಡಿನ ಮುಂದೆ ಹಾರ್ನ್ ತನ್ನಷ್ಟಕ್ಕೆ ಹೊಡೆದುಕೊಳ್ಳಲು ಶುರು ಮಾಡಿತು. ಪೊಲೀಸಿನವನು ಓಡಿ ಬಂದ, ನಾನು ಎರಡೂ ಕೈ ಮೇಲೆತ್ತಿ ತೋರಿಸಬೇಕಾಯಿತು. ಇನ್ನೊಂದು ದಿನ ಸುಡುಬಿಸಿಲಲ್ಲಿ ವೈಪರ್ ಆಡತೊಡಗಿತು. ಶಾಲೆಯ ಗೇಟಿನಲ್ಲಿ ಕಿಟಕಿಯ ಗಾಜು ತಾನಾಗೇ ಕೆಳಗಿಳಿದಾಗ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಮಿಸ್ತ್ರಿ ವೈರು ಬದಲಿಸಿದ, ಮತ್ತೇನೋ ಬದಲಿಸಿದ, ಒಂದು ಸರಿಯಾದರೆ ಇನ್ನೊಂದು ಕೆಡುತ್ತಿತ್ತು. ಬೀಗರಿಗೆ ಹೇಳೋಣವೆಂದರೆ ನಮ್ಮ ಮನೆಯವರು ಒಪ್ಪಲಿಲ್ಲ.

"ಹೊಸಾ ಸಂಬಂಧ. ಹಾರ್ನ್ ಹೊಡಿತೈತಿ ಅಂತ ಹೇಳಾಕ ಹೋದ್ರ ನಗತಾರ," ಎಂದರು.

ಮಗಳಿಗೆ ದಿನ ತುಂಬುವ ಮೊದಲೇ ಒಂದು ಮಧ್ಯಾಹ್ನ ನೋವು ಕಾಣಿಸಿಕೊಂಡಿತು. ಕುಷ್ಟಗಿಯ ಡಾಕ್ಟರು ಬಿ.ಪಿ. ನೋಡಿ, "ಇಲ್ಲಿ ಇಟ್ಕೊಳ್ಳಾಕ ಆಗೂದಿಲ್ಲ, ಕೊಪ್ಪಳಕ್ಕ ಒಯ್ರಿ. ತಡ ಮಾಡಬ್ಯಾಡ್ರಿ," ಎಂದರು. ಆಂಬುಲೆನ್ಸ್ ಯಾವುದೋ ಅಪಘಾತಕ್ಕೆ ಹೋಗಿತ್ತು. ಮನೆ ಮುಂದೆ ಅಷ್ಟು ದೊಡ್ಡ ಗಾಡಿ ಇರುವಾಗ ಕಾಯುವುದೇಕೆ ಎಂದು ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆವು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಎದುರು ಏನೂ ಕಾಣದಂಥ ಮಳೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಂಡು ಒಮ್ಮೆಗೇ ಆರಿದವು. ಗಾಡಿ ಸದ್ದಿಲ್ಲದೆ ಉರುಳಿ ರಸ್ತೆಯ ಬದಿಗೆ ನಿಂತಿತು.

ಕೀಲಿ ತಿರುಗಿಸಿದೆ. ಟಕ್ ಎನ್ನುವ ಸಪ್ಪಳ ಕೂಡ ಬರಲಿಲ್ಲ. ಹಿಂದಿನ ಬಾಗಿಲುಗಳು ಲಾಕ್ ಬಿದ್ದು ಬಿಗಿದುಕೊಂಡಿದ್ದವು, ಹೊರಗಿನಿಂದಲೂ ತೆರೆಯಲಿಲ್ಲ, ಒಳಗಿನಿಂದಲೂ ತೆರೆಯಲಿಲ್ಲ. ನಾನು ಮಳೆಯಲ್ಲಿ ನಿಂತು ಹಿಡಿಕೆ ಜಗ್ಗಿದೆ, ಬಾಗಿಲಿಗೆ ಒದ್ದೆ. ಗಾಜಿನ ಆಚೆ ಮಗಳು ಬಾಯಿ ತೆರೆದು ಅಳುತ್ತಿರುವುದು ಕಾಣುತ್ತಿತ್ತು, ಮಳೆಯ ಸದ್ದಿಗೆ ಕೇಳಿಸುತ್ತಿರಲಿಲ್ಲ. ಕೊನೆಗೆ ಅವಳು ಆ ಹೊಟ್ಟೆ ಹೊತ್ತುಕೊಂಡು ಎರಡು ಸೀಟುಗಳ ನಡುವಿನ ಸಂದಿಯಲ್ಲಿ ತೂರಿ, ಗೇರಿನ ಕೋಲು ದಾಟಿ, ಮುಂದಿನ ಬಾಗಿಲಿನಿಂದ ಹೊರಗೆ ಬಂದಳು. ಅವಳಪ್ಪ ಹಿಡಿದುಕೊಂಡರು. ದಾಳಿಂಬೆ ಇಳಿಸಿ ಬರಿದಾಗಿ ಬರುತ್ತಿದ್ದ ಸರಕಿನ ಗಾಡಿಯೊಂದು ನಿಂತಿತು. ಅದರ ಡ್ರೈವರ್ ಖಾಲಿ ಕ್ರೇಟುಗಳನ್ನು ಸರಿಸಿ ತಾಡಪತ್ರಿ ಹಾಸಿಕೊಟ್ಟ. ಅದರ ಮೇಲೆ ನನ್ನ ಮಗಳು ನನ್ನ ಸೆರಗು ಕಚ್ಚಿಕೊಂಡು ಕೊಪ್ಪಳಕ್ಕೆ ಹೋದಳು.

ಹೆಣ್ಣು ಕೂಸು. ಹುಟ್ಟಿದಾಗ ಅಳಲೇ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಇನ್ನೂ ತಡವಾಗಿದ್ದರೆ ಇಬ್ಬರೂ ಉಳಿಯುವುದು ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ, ಸೀರೆಗೆ ಕೆಸರು ಅಂಟಿಕೊಂಡೇ ಇತ್ತು. ಮರುದಿನ ಬೀಗರು ಪೇಢೆಯ ಡಬ್ಬಿ ಹಿಡಿದುಕೊಂಡು ಬಂದರು. ಗಾಡಿ ನಿಂತ ಕತೆಯನ್ನು ನಮ್ಮ ಮನೆಯವರು ಮೆಲ್ಲಗೆ ಹೇಳಿದರು.

ಬೀಗರು ವಾರ್ಡಿನವರೆಲ್ಲ ಕೇಳುವಂತೆ ನಕ್ಕರು. "ಗಾಡಿಗೇನಾಗೇತ್ರಿ? ಬಂಗಾರದಂಥಾ ಗಾಡಿ. ಹೆಣ್ಮಕ್ಕಳು ಸ್ಟೀರಿಂಗ್ ಹಿಡದ್ರ ಗಾಡಿನ ಅಂಜತೈತಿ. ಅಕ್ಕೋರು ಕ್ಲಚ್ ಮ್ಯಾಲ ಕಾಲಿಟ್ಟು ಮರತ ಬಿಟ್ಟಿರ್ತಾರ. ತಪ್ಪು ಗಾಡೀದಲ್ಲ, ಹೊಡಿಯೋರದು."

ಸುತ್ತಲಿನವರೂ ನಕ್ಕರು. ಆಚೆ ಮಂಚದ ಬಾಣಂತಿಯ ಗಂಡ ಕೂಡ. ನಾನು ಪೇಢೆ ತೆಗೆದುಕೊಂಡು ಕೈಯಲ್ಲೇ ಹಿಡಿದುಕೊಂಡಿದ್ದೆ, ಬಾಯಿಗೆ ಹಾಕಿಕೊಳ್ಳಲಿಲ್ಲ. ಅವರು ಹೇಳಿದ್ದನ್ನು ಮಾತ್ರ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡೆ.

ಗಾಡಿಯನ್ನು ಎಳೆಸಿಕೊಂಡು ಮನೆಗೆ ತಂದ ಮೇಲೆ ಒಂದು ರವಿವಾರ ಅದರ ವಾಸನೆಗೆ ಒಂದು ಗತಿ ಕಾಣಿಸೋಣವೆಂದು ನಾನೇ ಕೂತೆ. ಕಾಲ ಕೆಳಗಿನ ರಬ್ಬರ್ ಹಾಸು ತೆಗೆದೆ. ಅದರ ಕೆಳಗಿನ ಕಾರ್ಪೆಟ್ಟನ್ನು ಉಗುರಿನಿಂದ ಎಬ್ಬಿಸಿದೆ. ಅಡಿಯಲ್ಲಿ ಒಣಗಿ ಬಿರಿದ ಕೆಸರಿನ ಹೆಕ್ಕಳಿಕೆ. ಅದರಲ್ಲಿ ಭತ್ತದ ಹೊಟ್ಟು, ಸಣ್ಣ ಸಣ್ಣ ಬಸವನಹುಳದ ಚಿಪ್ಪು. ನಮ್ಮ ಕುಷ್ಟಗಿಯ ಒಣ ಭೂಮಿಯಲ್ಲಿ ಬಸವನಹುಳು ಎಲ್ಲಿಂದ ಬರಬೇಕು? ಅದು ಗಂಗಾವತಿ ಕಡೆಯ ಕಾಲುವೆಯ ಮಣ್ಣು.

ಆದರೂ ಬಾಯಿ ಬಿಡಲಿಲ್ಲ. ಖಾತ್ರಿ ಬೇಕಿತ್ತು. ಅದೂ ತಾನಾಗೇ ನಡೆದು ಬಂತು. ಮಿಸ್ತ್ರಿಯ ಹತ್ತಿರ ಮತ್ತೆ ರಿಪೇರಿ ಮಾಡಿಸಿ, ಒಣ ಹವೆ ಇದ್ದ ದಿನ ಶಾಲೆಗೆ ಒಯ್ದಿದ್ದೆ. ಗಂಗಾವತಿಯಿಂದ ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕಿಯೊಬ್ಬಳು ಗಾಡಿಯ ನಂಬರು ನೋಡಿ ನಿಂತುಬಿಟ್ಟಳು.

"ಅಯ್ಯ, ಇದು ಇನ್ನೂ ಓಡ್ತೈತೇನ್ರಿ ಅಕ್ಕಾರ? ಇದು ನಮ್ಮ ಓಣಿ ಮಿಲ್ ಸಾವ್ಕಾರಂದು. ತುಂಬಿದ ಕಾಲುವಿಗೆ ಬಿದ್ದಿತ್ತು. ಅವ ಈಸಿ ಪಾರಾದ, ಗಾಡಿ ರಾತ್ರಿಯೆಲ್ಲಾ ನೀರಾಗ ಇತ್ತು. ಕ್ರೇನ್ ಹಚ್ಚಿ ಎತ್ತೂ ಮುಂದ ಓಣಿಗೆ ಓಣೀನ ನೋಡಾಕ ಹೋಗಿದ್ವಿ. ಹಳೇ ಗಾಡಿ ವ್ಯಾಪಾರದಾವ ಒಬ್ಬಾವ ಅದಾನ್ರಿ ನಮ್ಮೂರಾಗ. ತಾನ ಮುಂದ ನಿಂತು ಎಬ್ಬಿಸಿ, ಗುಜರಿಗಂತ ಹೇಳಿ ಒಯ್ದ."

ಆ ಹಳೇ ಗಾಡಿ ವ್ಯಾಪಾರದಾವ ನಮ್ಮ ಬೀಗ ಎಂದು ಅವಳಿಗೆ ತಿಳಿದಿರಲಿಲ್ಲ. ನಾನೂ ತಿಳಿಸಲಿಲ್ಲ. ತರಗತಿಗೆ ಹೋಗಿ ಹುಡುಗರಿಗೆ ಲೆಕ್ಕ ಕೊಟ್ಟು ಕಿಟಕಿಯ ಹತ್ತಿರ ನಿಂತೆ. ಗೊತ್ತಿಲ್ಲದೆ ಕೊಟ್ಟಿದ್ದರೆ ಬೈದು ಮರೆಯುತ್ತಿದ್ದೆ. ತನ್ನ ಕಣ್ಣೆದುರು ನೀರಿನಿಂದ ಎದ್ದ ಗಾಡಿಗೆ ಅತ್ತರು ಹೊಡೆದು, ಹೂಮಾಲೆ ಹಾಕಿ, ಬಸುರಿ ಸೊಸೆಯ ನೆವ ಮಾಡಿ ನಮ್ಮ ತಲೆಗೆ ಕಟ್ಟಿದ್ದ ಮನುಷ್ಯ. ಆಮೇಲೆ ನನ್ನ ಕಾಲಿನ ಮೇಲೆ, ನನ್ನ ಕ್ಲಚ್ಚಿನ ಮೇಲೆ ತಪ್ಪು ಹೊರಿಸಿ ನಕ್ಕಿದ್ದ. ಬಿಡಬಾರದು ಎಂದು ಆ ಕಿಟಕಿಯಲ್ಲೇ ತೀರ್ಮಾನಿಸಿದೆ.

ನಮ್ಮ ಮನೆಯವರಿಗೆ ಹೇಳಿದೆ. "ಮಗಳು ಅವರ ಮನ್ಯಾಗ ಬಾಳೇ ಮಾಡಬೇಕು. ಗಾಡಿ ಹೋದ್ರ ಹೋಗ್ಲಿ, ಆಕಿ ಬಾಳೆ ಕೆಡಬಾರದು," ಎಂದರು. ಮಗಳೂ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಬ್ಯಾಡವ್ವಾ," ಎಂದಷ್ಟೇ ಹೇಳಿದಳು. ಅತ್ತೆಮನೆಯ ಅಂಜಿಕೆ ಎಂದುಕೊಂಡೆ. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಹಾಗಾಗಿ ನಾನು ಬೈಯುವ ದಾರಿ ಬಿಟ್ಟೆ. ಮಗಳ ಮೇಲೆ ಮಾತು ಬರಬಾರದು, ಬೀಗರಿಗೆ ಮಾತ್ರ ಸರಿಯಾಗಿ ತಟ್ಟಬೇಕು, ಅಂಥದ್ದೇನಾದರೂ ಬೇಕಿತ್ತು. ಕೂಸಿಗೆ ಎಣ್ಣೆ ತಿಕ್ಕುತ್ತ, ಬಾಣಂತಿಗೆ ಅಂಟಿನುಂಡಿ ಕಟ್ಟುತ್ತ, ಅದನ್ನೇ ಯೋಚಿಸಿದೆ. ಅಷ್ಟು ಖುಷಿಯಿಂದ ಅಂಟಿನುಂಡಿ ಕಟ್ಟಿದ್ದು ಅದೇ ಮೊದಲು.

ಬಾಣಂತಿಯನ್ನೂ ತೊಟ್ಟಿಲನ್ನೂ ಗಂಗಾವತಿಗೆ ಕಳಿಸುವ ದಿನ ಬಂತು. ಮಳೆಯಿಲ್ಲದ ದಿನ ನೋಡಿಯೇ ಇಟ್ಟುಕೊಂಡಿದ್ದೆ. ಮಗಳು, ಕೂಸು, ಅಳಿಯ ಬೇರೆ ಬಾಡಿಗೆ ಗಾಡಿಯಲ್ಲಿ ಮುಂದೆ ಹೋದರು. ಬೂದು ಗಾಡಿಯನ್ನು ತೊಳೆಸಿ, ಹೊಸ ಅತ್ತರು ಹೊಡೆದು, ಕನ್ನಡಿಗೆ ಸೇವಂತಿಗೆ ಮಾಲೆ ಹಾಕಿ, ತೊಟ್ಟಿಲನ್ನು ಹಿಂದೆ ಏರಿಸಿಕೊಂಡು ನಾನು ಓಡಿಸಿದೆ. ನಮ್ಮ ಮನೆಯವರು ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತಿದ್ದರು.

ಬೀಗರ ಮನೆ ತುಂಬಿತ್ತು. ಅವರ ಅಣ್ಣತಮ್ಮಂದಿರು, ಅವರ ಹೆಂಡಂದಿರು, ಪಡಸಾಲೆಯ ನಡುವೆ ಕುರ್ಚಿಯಲ್ಲಿ ಮನೆತನದ ಹಿರಿಯ, ಬೀಗರ ದೊಡ್ಡಪ್ಪ. ಆ ಮುದುಕ ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಮೀರುವುದಿಲ್ಲ. ಹೊರಗೆ ತಗಡಿನ ನೆರಳಲ್ಲಿ ನನ್ನ ಸಣ್ಣ ಬಿಳಿ ಕಾರು ನಿಂತಿತ್ತು. ಬೀಗರು ಅದನ್ನು ಮಾರಿರಲಿಲ್ಲ. ಊರೆಲ್ಲ ತಿರುಗಲು ತಾವೇ ಇಟ್ಟುಕೊಂಡಿದ್ದರು. ಒಳ್ಳೆಯ ಗಾಡಿ ಯಾವುದೆಂದು ಅವರಿಗೆ ತಿಳಿಯದೇ ಇದ್ದೀತೆ?

ಊಟವಾಯಿತು, ಆಯೇರಿ ಆಯಿತು. ಸೀರೆಯನ್ನು ಬಿಚ್ಚದೆ ಕಣ್ಣಿಗೆ ಒತ್ತಿಕೊಂಡೆ. ಪದ್ಧತಿಯಂತೆ ದೊಡ್ಡಪ್ಪ ಕೇಳಿದರು: "ಎಲ್ಲಾ ಮನಸಿಗಿ ಬಂತೇನವಾ ಬೀಗ್ತಿ? ಏನರ ಕೊರತಿ ಇದ್ರ ಹೇಳು." ಈ ಪ್ರಶ್ನೆಗೆ ಎಲ್ಲರೂ ಏನೂ ಕೊರತಿ ಇಲ್ಲ ಎನ್ನುತ್ತಾರೆ.

"ಒಂದ ಐತ್ರಿ, ಹಿರೇರ," ಎಂದೆ.

ನಮ್ಮ ಮನೆಯವರು ನೆಲ ನೋಡಿದರು.

"ಬೀಗರು ನನಗ ದೊಡ್ಡ ಗಾಡಿ ಕೊಟ್ಟಾರ. ಬಂಗಾರದಂಥಾ ಗಾಡಿ, ಅವರ ಬಾಯಿಲೇ ಹೇಳ್ಯಾರ. ಗಾಡೀದು ಏನೂ ತಪ್ಪಿಲ್ಲ, ತಪ್ಪು ಹೊಡಿಯೋರದು. ನಾ ಕ್ಲಚ್ ಮ್ಯಾಲ ಕಾಲಿಟ್ಟು ಮರೀತೀನಿ. ಖರೇ ಐತ್ರಿ. ಅಂಥಾ ಗಾಡಿ ನನ್ನ ಕೈಯಾಗ ಹಾಳಾಗಬಾರದು. ಅದನ್ನ ಬೀಗರಿಗೇ ಬಿಟ್ಟು, ನನ್ನ ಡಬ್ಬಿ ನಾ ಒಯ್ತೀನಿ. ಗಾಡಿಗೆ ಗಾಡಿ."

ಹೆಂಗಸರು ನಕ್ಕರು. ದೊಡ್ಡಪ್ಪ ತಲೆ ಆಡಿಸಿದರು. "ಛಲೋ ಮಾತಾತು. ಇದಕ್ಕ ಇಷ್ಟ್ಯಾಕ ಸಂಕೋಚ ಪಡ್ತಿ? ಕೊಡಪಾ ಕೀಲಿ."

ಬೀಗರ ಬಾಯಲ್ಲಿ ಎಲೆ ಅಡಿಕೆ ಹಾಗೇ ನಿಂತಿತು. ಎದ್ದು ಹೊರಗೆ ಬಂದರು, ಎಲ್ಲರೂ ಹಿಂದೆ ಬಂದೆವು. ಅವರು ಬೂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಹಂಗಲ್ರಿ, ಒಂದ ಸಲ ಬಾನೆಟ್ ಎತ್ತಿ ಎಂಜಿನ್ ನೋಡಿ..." ಎಂದರು.

"ನೋಡೂದೇನೈತ್ರಿ ಬೀಗರ?" ಎಂದೆ ಕೈ ಮುಗಿದು. "ನಾವು ಒಯ್ಯೂ ಮುಂದ ನೋಡಿದ್ವೇನು? ಬೀಗರ ಗಾಡಿ ಯಾರರ ನೋಡ್ತಾರೇನು? ಏನರ ಐಬು ಐತಿ ಅಂತ ನಿಮಗ ಅನಿಸಿದ್ರ ಎಲ್ಲಾರ ಮುಂದ ಹೇಳಿಬಿಡ್ರಿ."

ಅವರು ನನ್ನ ಮುಖ ನೋಡಿದರು. ನನಗೆ ಎಲ್ಲ ಗೊತ್ತಾಗಿದೆ ಎಂಬುದು ಅವರಿಗೆ ಆಗ ಗೊತ್ತಾಯಿತು. ಐಬು ಇದೆ ಎಂದರೆ ಅದು ಎಲ್ಲಿಂದ ಬಂತೆಂದು ಹೇಳಬೇಕು. ಇಲ್ಲ ಎಂದರೆ ಕೀಲಿ ಕೊಡಬೇಕು. ದೊಡ್ಡಪ್ಪ ಕೋಲು ಕುಟ್ಟಿ, "ಬೀಗರ ಮ್ಯಾಲ ಸಂಶೆ ಏನೋ ನಿಂದು?" ಎಂದು ಗದರಿಸಿದರು. ಬೀಗರು ಸೊಂಟದಿಂದ ಕೀಲಿ ಬಿಚ್ಚಿ ನನ್ನ ಕೈಗೆ ಹಾಕಿದರು. ಸಾಲದ್ದಕ್ಕೆ ಬೀಗರ ಹೆಂಡತಿ, ನನ್ನ ಬೀಗ್ತಿ, ಪಾಪ ಆಕೆಗೆ ಏನೂ ಗೊತ್ತಿಲ್ಲ, ಗಾಡಿಗೆ ಕುಂಕುಮ ಹಚ್ಚಿ, "ಇದನ್ನ ಮಾರಾಕ ಕೊಡೂದಿಲ್ಲ ನಾ. ನಮ್ಮ ಮನಿಗೆ ಲಕ್ಷ್ಮಿ ಬಂದ ಕಾಲದ ಗಾಡಿ," ಎಂದಳು. ನಾನು ನನ್ನ ಕಾರಿನಲ್ಲಿ ಕುಳಿತು ಸೀಟು ಹಿಂದೆ ಮುಂದೆ ಸರಿಸಿಕೊಂಡೆ. ದಾರಿಯಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ತಿಂದೆವು. ಅಷ್ಟು ರುಚಿಯ ಮಿರ್ಚಿ ನಾನು ಮತ್ತೆ ತಿಂದಿಲ್ಲ.

ಬೀಗರು ನನಗಿಂತ ಹಳೆಯ ವ್ಯಾಪಾರಿ ಎಂಬುದನ್ನು ಆ ಖುಷಿಯಲ್ಲಿ ಮರೆತಿದ್ದೆ. ಸ್ವಲ್ಪ ದಿನ ಕಳೆದು ಒಂದು ಬೆಳಿಗ್ಗೆ ಫೋನ್ ಮಾಡಿದರು. ದನಿಯಲ್ಲಿ ಸಕ್ಕರೆ.

"ಅಕ್ಕೋರ, ನಿಮಗೊಂದು ಖುಷಿ ಸುದ್ದಿ ಹೇಳೂಣಂತ ಮಾಡಿದೆ. ಆ ದೊಡ್ಡ ಗಾಡಿ ನಿಮ್ಮ ಮಗಳಿಗೆ ಕೊಟ್ಟಬಿಟ್ಟೇನಿ. ಇನ್ನ ಮ್ಯಾಲ ಆಕಿ, ಕೂಸು ಅದರಾಗ ಓಡಾಡ್ತಾರ. ಇವತ್ತ ಹುಲಿಗಿ ಗುಡಿಗೆ ಹೊಂಟಾರ. ನಿಮಗೂ ಸಮಾಧಾನ ಅಲ್ಲೇನ್ರಿ?"

ಫೋನ್ ಇಟ್ಟರು. ಮಗಳಿಗೆ ವಿಡಿಯೋ ಕಾಲ್ ಮಾಡಿದೆ. ಮನೆ ಮುಂದೆ ಅದೇ ಗಾಡಿಯ ಹಿಂದಿನ ಸೀಟಿನಲ್ಲಿ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಕಿಟಕಿಯ ಆಚೆ ಮೋಡ ಕಪ್ಪಾಗಿತ್ತು.

"ಇಳಿ," ಎಂದೆ. "ಕೂಸು ತಗೊಂಡು ಇಳಿ. ನಾ ಬರೂತನಕ ಆ ಗಾಡಿ ಹೊರಡಬಾರದು. ನಿನ್ನ ಗಂಡನ ಕೈಯಾಗ ಫೋನ್ ಕೊಡು." ಅಳಿಯನಿಗೆ ಹೇಳಿದೆ, ಮಾತಿನಲ್ಲಿ ಬೀಗತನದ ಗೌರವ ಏನೂ ಇಟ್ಟುಕೊಳ್ಳದೆ. ಹುಡುಗ ಹೆದರಿ ಗಾಡಿ ಬಂದ್ ಮಾಡಿದ.

ಶಾಲೆಗೆ ರಜೆ ಹೇಳಿ ಒಬ್ಬಳೇ ಗಂಗಾವತಿಗೆ ಹೊರಟೆ. ಮಗಳ ಬಾಳೆ ಕೆಡಬಾರದೆಂದು ಇಷ್ಟು ದಿನ ನಗುನಗುತ್ತ ನಡೆಸಿದ ಆಟ ಅದು. ಬೀಗರು ನನ್ನ ಮಗಳನ್ನೇ ನನ್ನ ಎದುರು ಇಟ್ಟು ಆಡುತ್ತಿದ್ದರು. ಇನ್ನು ಆಟ ಬೇಡ ಎನ್ನಿಸಿತು.

ಬೀಗರ ಮನೆಯ ಮುಂದೆ ಗಾಡಿ ನಿಂತಿತ್ತು. ಬೀಗರು ಕಟ್ಟೆಯ ಮೇಲೆ ಕುಳಿತಿದ್ದರು. "ಬರ್ರಿ ಅಕ್ಕೋರ, ಏನು ಅವಸರದಾಗ..." ಎಂದರು. ಬೂದು ಗಾಡಿಯ ಬಾಗಿಲು ತೆರೆದು ರಬ್ಬರ್ ಹಾಸನ್ನು ಹೊರಗೆ ಎಸೆದೆ. ಕಾರ್ಪೆಟ್ಟಿನ ಅಂಚು ಹಿಡಿದು ಜಗ್ಗಿದೆ, ಹರಿದುಕೊಂಡು ಬಂತು. ಎರಡೂ ಕೈಯಿಂದ ಆ ಮಣ್ಣನ್ನು ಬಳಿದುಕೊಂಡು ಒಳಗೆ ಹೋಗಿ ಬೀಗ್ತಿಯ ಮುಂದೆ ನಿಂತೆ. ಆಕೆ ಗಾಬರಿಯಾಗಿ ಉಡಿ ಒಡ್ಡಿದಳು. ಉಡಿಗೇ ಸುರಿದೆ.

"ಇದು ನಿಮ್ಮೂರ ಕಾಲುವಿ ಮಣ್ಣು, ಅಕ್ಕಾ. ಲಕ್ಷ್ಮಿ ಬಂದ ಗಾಡಿ ಅಂದ್ರೆಲ್ಲ, ಅದು ರಾತ್ರಿಯೆಲ್ಲಾ ಕಾಲುವ್ಯಾಗ ಮುಳುಗಿದ್ದ ಗಾಡಿ. ನಿಮ್ಮ ಯಜಮಾನರು ಕ್ರೇನ್ ಹಚ್ಚಿ ಎತ್ತಿ ತಂದು ನಮಗ ಕಟ್ಟಿದ್ರು. ನಿಮ್ಮ ಮೊಮ್ಮಗಳು ಮಳ್ಯಾಗ ಅದರೊಳಗ ಸಿಕ್ಕು ಸಾಯೂದಿತ್ತು."

ಬೀಗ್ತಿ ಉಡಿಯಲ್ಲಿದ್ದ ಮಣ್ಣನ್ನು ನೋಡಿದಳು. ಬೆರಳಿನಿಂದ ಒಂದು ಬಸವನಹುಳದ ಚಿಪ್ಪು ಎತ್ತಿಕೊಂಡಳು. ಕಾಲುವೆ ನೀರಲ್ಲಿ ಬಟ್ಟೆ ಒಗೆದು ಬೆಳೆದ ಹೆಣ್ಣು, ಆಕೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಳಿಯ ಗೋಡೆಗೆ ಒರಗಿ ನಿಂತು, "ಖರೇನಪಾ?" ಎಂದು ಅಪ್ಪನನ್ನು ಕೇಳಿದ. ನನ್ನ ಹಿಂದೆಯೇ ಒಳಗೆ ಬಂದಿದ್ದ ಬೀಗರು ತಿರುಗಿ ಕಟ್ಟೆಗೆ ಹೋದರು.

ನಾನು ಮಗಳ ಕೋಣೆಗೆ ಹೋದೆ. ಕೂಸು ಮಲಗಿತ್ತು. ಅವಳು ನನ್ನ ಮಣ್ಣುಕೈಗಳನ್ನು ತನ್ನ ಸೆರಗಿನಿಂದ ಒರೆಸಿದಳು. ತಲೆ ಎತ್ತದೆ ಹೇಳಿದಳು.

"ಅವ್ವಾ, ನನಗ ಗೊತ್ತಿತ್ತು."

ನನಗೆ ಅರ್ಥವಾಗಲಿಲ್ಲ.

"ಮಾವಾರಿಗೆ ದಿನಾ ಬುತ್ತಿ ಒಯ್ತಿದ್ದೆನಲ್ಲ ಅಂಗಳಕ್ಕ. ಆವಾಗ ನೋಡಿದ್ದೆ. ಸೀಟೆಲ್ಲಾ ಬಿಚ್ಚಿ ಬಿಸಲಿಗೆ ಹಾಕಿದ್ರು, ಒಳಗ ಕೆಸರು ತುಂಬಿತ್ತು. 'ಅಂಗಳದ ಮಾತು ಅಂಗಳದಾಗ ಇರ್ಲೆವಾ, ನೀ ಈಗ ಈ ಮನಿ ಹೆಣ್ಮಗಳು' ಅಂದ್ರು. ಕುಬಸದ ದಿನ ನೀ ಕೀಲಿ ಇಸ್ಕೊಳ್ಳೂ ಮುಂದ ಬಾಯಿ ತನಕ ಬಂದಿತ್ತು. ಮಾವಾರು ನನ್ನ ಕಡೆ ನೋಡಿದ್ರು. ಅಷ್ಟ."

ನೋವು ತಿನ್ನುತ್ತ ಆ ಗಾಡಿಯಲ್ಲಿ ಮಲಗುವಾಗಲೂ ಅವಳಿಗೆ ಗೊತ್ತಿತ್ತು. ಮಳೆ ಶುರುವಾದಾಗ, ದೀಪಗಳು ಆರಿದಾಗ, ಬಾಗಿಲು ಬಿಗಿದುಕೊಂಡಾಗ ಅದು ಏಕೆ ಎಂದು ಆ ಗಾಡಿಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಇಂದು ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಅದರಲ್ಲಿ ಕುಳಿತದ್ದೂ ಗೊತ್ತಿದ್ದೇ. ಪಾಠ ಹೇಳಿ ಹೇಳಿ ಗಂಟಲು ಒಡೆದುಕೊಂಡವಳು ನಾನು, ನನ್ನ ಮಗಳು ಸಾಯುವ ಹೊತ್ತಿಗೂ ಬಾಯಿ ಬಿಟ್ಟಿರಲಿಲ್ಲ. ಅವಳನ್ನು ಹಿಡಿದುಕೊಂಡು ಅತ್ತೆ. ಗಾಡಿಯ ಸಲುವಾಗಿ ನಾನು ಒಮ್ಮೆಯೂ ಅತ್ತಿರಲಿಲ್ಲ.

ಹೊರಗೆ ಬಂದಾಗ ಬೀಗರು ಕಟ್ಟೆಯ ಮೇಲೆ ಒಬ್ಬರೇ ಇದ್ದರು. ಬೀಗ್ತಿ ಉಡಿಯ ಮಣ್ಣನ್ನು ಅವರ ಚಪ್ಪಲಿಯ ಪಕ್ಕದಲ್ಲಿ ಕೊಡವಿ ಒಳಗೆ ಹೋಗಿದ್ದಳು. ನಾನು ಅವರ ಎದುರು ನಿಂತೆ.

"ಬೀಗರ, ಗಾಡಿ ಲೆಕ್ಕ ಮುಗೀತು. ಮಗಳು ನನಗ ಹೇಳ್ಯಾಳ. ಆಕಿ ಬಾಯಿ ಕಟ್ಟಿದ ಲೆಕ್ಕ ಮುಗಿಯೂದಿಲ್ಲ."

ಮಗಳನ್ನು ಹೊರಗೆ ಕರೆದೆ. ನನ್ನ ಬಿಳಿ ಕಾರಿನ ಕೀಲಿಯನ್ನು ಬೀಗರ ಕಣ್ಣ ಮುಂದೆ ಅವಳ ಕೈಯಲ್ಲಿಟ್ಟು ಬೆರಳು ಮಡಿಸಿದೆ. "ಇದು ನಿಂದು. ಯಾವಾಗ ಬೇಕಾದ್ರೂ ಎತ್ತು, ಎಲ್ಲಿಗೆ ಬೇಕಾದ್ರೂ ಹೋಗು. ಯಾರನ್ನೂ ಕೇಳಬ್ಯಾಡ," ಎಂದೆ. ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋಗಿ ಕುಷ್ಟಗಿ ಬಸ್ಸು ಹತ್ತಿದೆ. ಈಗ ಶಾಲೆಗೂ ಬಸ್ಸಿನಲ್ಲೇ ಹೋಗುತ್ತೇನೆ, ಮೊಣಕಾಲು ನೋಯುತ್ತದೆ.

ಬೂದು ಗಾಡಿಯನ್ನು ಬೀಗ್ತಿ ಮಾರಲು ಬಿಡಲಿಲ್ಲ. ಇನ್ನೊಬ್ಬರ ಮಕ್ಕಳನ್ನು ಕೊಲ್ಲುವುದು ಬೇಡ, ನೀವೇ ಓಡಾಡಿರಿ ಎಂದಳಂತೆ. ಮೋಡ ಕಂಡರೆ ಬೀಗರು ಮನೆಯಿಂದ ಹೊರಡುವುದಿಲ್ಲ ಎಂದು ಮಗಳು ಹೇಳುತ್ತಾಳೆ. ಅವಳು ಈಗ ಫೋನಿನಲ್ಲಿ ದೊಡ್ಡ ದನಿಯಲ್ಲಿ ಮಾತಾಡುತ್ತಾಳೆ, ಪಕ್ಕದಲ್ಲಿ ಅವರಿದ್ದರೂ.

ಹಬ್ಬ ಬಂದರೆ ನಾನು ತಪ್ಪದೆ ಗಂಗಾವತಿಗೆ ಹೋಗುತ್ತೇನೆ. ಬೀಗರ ಎದುರಿನ ಎಲೆಗೇ ಕುಳಿತು ಊಟ ಮಾಡುತ್ತೇನೆ, ಅವರ ಮುಖ ನೋಡಿಕೊಂಡೇ. ಅವರು ತುತ್ತು ನುಂಗಲು ಒದ್ದಾಡುತ್ತಾರೆ. ಹೋದ ಸಲ ಅವರಿಗೆ ಎದೆನೋವು ಬಂದಿತ್ತೆಂದು ಕೇಳಿ ದೇವರಿಗೆ ಹರಕೆ ಹೊತ್ತೆ. ಅವರು ಗುಣವಾಗಬೇಕು. ಬಹಳ ವರ್ಷ ಬದುಕಬೇಕು, ಪ್ರತಿ ಹಬ್ಬಕ್ಕೂ ನಾನು ಬರುವ ದಾರಿ ಕಾಯುತ್ತ.